ತಲೆಯ ಗಡ್ಡೆ ತೆಗೆಸಿದ ಮೇಲೆ ಲೆಕ್ಕ ಚುಕ್ತಾ ಆಯಿತೇ?

ಸಾಲ ಮಾಡಿ ಆಪರೇಷನ್ನಿಗೆ ಓಡುವವರು ಆಮೇಲಿನ ಸ್ಕ್ಯಾನಿಗೆ ಏಕೆ ಹೋಗುವುದಿಲ್ಲ?

ದಾವಣಗೆರೆ: ರಾತ್ರಿ ಹತ್ತರ ಮೇಲೆ ಬೆಂಗಳೂರಿಗೆ ಹೊರಡುವ ಬಸ್ಸುಗಳಲ್ಲಿ ಸರಕು ತರಲು ಹೊರಟ ವ್ಯಾಪಾರಿಗಳು, ಕೋರ್ಟು ಕಚೇರಿಗೆ ಹೊರಟವರು, ಕೆಲಸಕ್ಕೆ ವಾಪಸ್ಸಾಗುವ ಹುಡುಗರು ಇರುತ್ತಾರೆ. ಇವರ ನಡುವೆ ತಲೆಗೆ ಮಫ್ಲರ್ ಸುತ್ತಿಕೊಂಡು, ಅಗಲವಾದ ಸ್ಕ್ಯಾನ್ ಕವರನ್ನು ಮಡಿಚದಂತೆ ತೊಡೆಯ ಮೇಲಿಟ್ಟುಕೊಂಡು ಕೂತವರೂ ಕಣ್ಣಿಗೆ ಬೀಳುತ್ತಾರೆ. ‘ಎಲ್ಲಿಗ್ರೀ?’ ಅಂದರೆ ‘ನಿಮ್ಹಾನ್ಸಿಗೆ’ ಎಂಬ ಉತ್ತರ. ಆಮೇಲೆ ಪಕ್ಕದ ಸೀಟಿನವರು ಹೆಚ್ಚಿಗೆ ಏನನ್ನೂ ಕೇಳುವುದಿಲ್ಲ.

ಬಸ್ಸು ಹತ್ತಿದವರದು ಒಂದು ಬಗೆಯ ಕಷ್ಟ. ಆದರೆ ಹೆಚ್ಚು ಚಿಂತೆ ಮಾಡಬೇಕಾದದ್ದು ಬಸ್ಸು ಹತ್ತಬೇಕಾಗಿದ್ದೂ ಹತ್ತದೆ ಮನೆಯಲ್ಲೇ ಉಳಿದವರದು. ಐದಾರು ವರ್ಷದ ಹಿಂದೆ ತಲೆಯ ಗಡ್ಡೆ ತೆಗೆಸಿಕೊಂಡು ಬಂದವರು, ಗಾಯ ಮಾಗಿ ಕೂದಲು ಬೆಳೆದು ಅಂಗಡಿ ಗಲ್ಲಾಪೆಟ್ಟಿಗೆ ಮುಂದೆ ಮೊದಲಿನಂತೆ ಕೂತವರು, ‘ಗಡ್ಡೆ ತೆಗೆದಾರಲ್ರೀ, ಇನ್ನೇನೈತಿ?’ ಅನ್ನುವವರು. ವರ್ಷಕ್ಕೊಮ್ಮೆ ಬಂದು ಸ್ಕ್ಯಾನ್ ಮಾಡಿಸಿ ಎಂದು ಡಾಕ್ಟರು ಬರೆದುಕೊಟ್ಟ ಚೀಟಿ ಅಟ್ಟ ಸೇರಿರುತ್ತದೆ.

ತಲೆಯ ಗಡ್ಡೆಯ ವಿಚಾರದಲ್ಲಿ ಆಪರೇಷನ್ ಅನ್ನುವುದು ದೊಡ್ಡ ಕಂತು. ಅದು ಕೊನೆಯ ಕಂತು ಎಂದು ತಿಳಿಯುವುದೇ ಎಡವಟ್ಟು.

ಕ್ಯಾನ್ಸರ್ರಾ? ಅಲ್ವಾ?

ತಲೆಯಲ್ಲಿ ಗಡ್ಡೆ ಅಂದ ಕೂಡಲೇ ಮನೆಯವರು ಕೇಳುವ ಮೊದಲ ಪ್ರಶ್ನೆ ಇದು. ‘ಕ್ಯಾನ್ಸರ್ ಅಲ್ಲ’ ಎಂದು ಡಾಕ್ಟರು ಹೇಳಿದರೆ ಅರ್ಧ ಜೀವ ಬಂದಂತೆ. ಸಮಾಧಾನ ಪಟ್ಟುಕೊಳ್ಳಬೇಕಾದ ಮಾತೇ ಹೌದು. ಆದರೆ ತಲೆಬುರುಡೆ ಅನ್ನುವುದು ನಾಲ್ಕೂ ಕಡೆ ಮುಚ್ಚಿದ ಪೆಟ್ಟಿಗೆ. ಹೊಟ್ಟೆಯಲ್ಲಿ ನಿಂಬೆಹಣ್ಣಿನಷ್ಟು ಗಡ್ಡೆ ಬೆಳೆದರೆ ಅಕ್ಕಪಕ್ಕದ ಅಂಗಗಳು ಸರಿದು ಜಾಗ ಕೊಡುತ್ತವೆ. ಬುರುಡೆಯೊಳಗೆ ಸರಿಯಲು ಜಾಗವೇ ಇಲ್ಲ. ಅಲ್ಲಿ ಸಾಧು ಗಡ್ಡೆಯೂ ಬೆಳೆದು ಮಿದುಳನ್ನು ಒತ್ತಿದರೆ ಕಣ್ಣು ಹೋಗಬಹುದು, ಕೈಕಾಲು ಬೀಳಬಹುದು, ಪ್ರಾಣವೇ ಹೋಗಬಹುದು.

ಗಡ್ಡೆಗಳಲ್ಲಿ ಜಾತಿ ಹಲವು. ಮಿದುಳಿನ ಮೇಲಿನ ಹೊದಿಕೆಯಲ್ಲಿ ಹುಟ್ಟುವುದು ಮೆನಿಂಜಿಯೋಮ. 1922ರಲ್ಲಿ ಈ ಹೆಸರಿಟ್ಟವರು ಅಮೆರಿಕದ ಸರ್ಜನ್ ಹಾರ್ವೆ ಕುಶಿಂಗ್. ಇದು ಗಂಡಸರಿಗಿಂತ ಹೆಂಗಸರಲ್ಲಿ ಸುಮಾರು ಎರಡು ಪಟ್ಟು ಹೆಚ್ಚು. ಹತ್ತರಲ್ಲಿ ಎಂಟು ಮೆನಿಂಜಿಯೋಮಗಳು ನಿಧಾನವಾಗಿ ಬೆಳೆಯುವ ಮೊದಲ ದರ್ಜೆಯವು. ಮಿದುಳಿನ ಜೀವಕೋಶಗಳ ನಡುವೆಯೇ ಹುಟ್ಟುವುದು ಗ್ಲಯೋಮ. ಇದರಲ್ಲಿ ನಾಲ್ಕನೇ ದರ್ಜೆಯ ಗ್ಲಯೋಬ್ಲಾಸ್ಟೋಮ ಎಲ್ಲಕ್ಕಿಂತ ಕೆಟ್ಟದ್ದು. ಕಣ್ಣುಗಳ ಹಿಂದೆ, ಮಿದುಳಿನ ಕೆಳಗೆ ಕಡಲೆಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಯಲ್ಲಿ ಬರುವ ಗಡ್ಡೆ ಇನ್ನೊಂದು. ಕಿವಿಯ ನರದ ಮೇಲೆ ಬೆಳೆಯುವುದು ಮತ್ತೊಂದು. ಎದೆ, ಶ್ವಾಸಕೋಶದ ಕ್ಯಾನ್ಸರ್ ತಲೆಗೆ ಹಬ್ಬಿ ಬರುವ ಗಡ್ಡೆಗಳು ಬೇರೆಯೇ.

ಸ್ಕ್ಯಾನಿನಲ್ಲಿ ಉಂಗುರದಂತೆ ಕಂಡದ್ದೆಲ್ಲ ಟ್ಯೂಮರ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ದೇಶದಲ್ಲಿ ಟಿಬಿಯ ಗಂಟು, ಲಾಡಿಹುಳುವಿನ ಮರಿ ತಲೆಗೆ ಸೇರಿ ಆಗುವ ಗಂಟು ಕೂಡ ಹಾಗೆಯೇ ಕಾಣುತ್ತವೆ. ಅವಕ್ಕೆ ಬಹಳ ಸಲ ಮಾತ್ರೆಯಲ್ಲೇ ವಾಸಿ. ಆದ್ದರಿಂದ ಫಿಲ್ಮನ್ನು ಬೆಳಕಿಗೆ ಹಿಡಿದು ಮನೆಮಂದಿಯೇ ತೀರ್ಪು ಕೊಟ್ಟುಕೊಳ್ಳುವುದು ಬೇಡ.

ಚೌಕಿಪೇಟೆ ಗಲ್ಲಿಗೆ ಜೆಸಿಬಿ ನುಗ್ಗಿಸಿದಂತೆ

‘ಬುರುಡೆ ತೆರೆದ ಮೇಲೆ ಪೂರ್ತಿ ತೆಗೀಬೇಕಿತ್ತು. ಚೂರು ಬಿಟ್ಟಾರಂತೆ.’ ಆಪರೇಷನ್ ಆದ ಮನೆಗಳಲ್ಲಿ ಈ ಅಸಮಾಧಾನ ಹೊಗೆಯಾಡುವುದುಂಟು. ಡಾಕ್ಟರು ಕೈಲಾಗದೆ ಬಿಟ್ಟರೇ? ಅವಸರ ಮಾಡಿದರೇ? ದುಡ್ಡು ಕಡಿಮೆಯಾಯಿತೇ? ಒಬ್ಬೊಬ್ಬರದು ಒಂದೊಂದು ಅನುಮಾನ.

ಬುರುಡೆಯ ತಳ ಹೇಗಿದೆ ಎಂದು ತಿಳಿದರೆ ಅನುಮಾನ ಅರ್ಧ ಕರಗುತ್ತದೆ. ಮಿದುಳು ಕೂತಿರುವ ಆ ಎಲುಬಿನ ನೆಲ ಒಂದೇ ಸಮನಾದ ಹಲಗೆ ಅಲ್ಲ. ಅದರ ತುಂಬ ತೂತುಗಳು. ಕಣ್ಣಿನ ನರ, ಕಣ್ಣುಗುಡ್ಡೆ ತಿರುಗಿಸುವ ನರ, ಮುಖದ ನರ, ಕಿವಿಯ ನರ, ಅನ್ನ ನುಂಗಿಸುವ ನರ, ಎಲ್ಲವೂ ಆ ತೂತುಗಳ ಮೂಲಕವೇ ಹೊರಬರಬೇಕು. ಮಿದುಳಿಗೆ ರಕ್ತ ಕೊಡುವ ದೊಡ್ಡ ನಾಳಗಳು ಅಲ್ಲಿಂದಲೇ ಒಳಗೆ ಹೋಗಬೇಕು. ಚೌಕಿಪೇಟೆಯಂಥ ಹಳೇ ಪೇಟೆಯ ಗಲ್ಲಿಯನ್ನು ನೆನೆಸಿಕೊಳ್ಳಿ. ಮೇಲೆ ಕರೆಂಟ್ ತಂತಿ, ಕೆಳಗೆ ನೀರಿನ ಪೈಪು, ಎರಡೂ ಬದಿಗೆ ಒತ್ತೊತ್ತಾದ ಅಂಗಡಿ. ಅಲ್ಲೊಂದು ಗೋಡೆ ಕೆಡವಬೇಕು ಎಂದು ಜೆಸಿಬಿ ನುಗ್ಗಿಸಿದರೆ ಬೀದಿಗೆ ಬೀದಿಯೇ ಕತ್ತಲು.

ಕಣ್ಣಿನ ಹಿಂಬದಿಗೆ, ಬುರುಡೆಯ ತಳದಲ್ಲಿ ಕ್ಯಾವರ್ನಸ್ ಸೈನಸ್ ಎಂಬ ಪುಟ್ಟ ಜಾಗವಿದೆ. ಮಿದುಳಿನ ದೊಡ್ಡ ರಕ್ತನಾಳವೂ ಕಣ್ಣುಗುಡ್ಡೆ ಆಡಿಸುವ ನರಗಳೂ ಅಲ್ಲಿ ಒತ್ತಾಗಿ ಸಾಗುತ್ತವೆ. ಗಡ್ಡೆ ಅದರೊಳಗೆ ಹೊಕ್ಕಿದ್ದರೆ, ಕೊನೆಯ ಚೂರನ್ನೂ ಕೆರೆದು ತೆಗೆಯುತ್ತೇನೆಂದು ಹೊರಟ ಸರ್ಜನ್ ರೋಗಿಯ ಕಣ್ಣನ್ನೋ ಪ್ರಾಣವನ್ನೋ ತೆಗೆಯಬೇಕಾದೀತು. ಕಿವಿಯ ನರದ ಗಡ್ಡೆಗೂ ಇದೇ ಕಥೆ. ಮುಖದ ನರ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಅದು ಕಡಿದರೆ ಮುಖ ಸೊಟ್ಟಗಾಗುತ್ತದೆ, ಒಂದು ಕಣ್ಣಿನ ರೆಪ್ಪೆ ಮುಚ್ಚುವುದಿಲ್ಲ, ಕುಡಿದ ಚಹಾ ಬಾಯಿಯ ಅಂಚಿನಿಂದ ಸೋರುತ್ತದೆ. ಇಂಥ ಕಡೆ ಒಂದು ತೆಳು ಪದರ ಬಿಟ್ಟು ಬರುವುದು ಯೋಚಿಸಿ ಮಾಡಿದ ಕೆಲಸ. ಬಿಟ್ಟದ್ದನ್ನು ಕಾಯುತ್ತಿರಬೇಕು ಎಂಬುದು ಆ ಕೆಲಸದ ಇನ್ನರ್ಧ. ಆ ಅರ್ಧ ರೋಗಿಯ ಮನೆಯವರ ಪಾಲಿಗೆ ಬರುತ್ತದೆ.

ಬುಡ ಉಳಿದರೆ ಚಿಗುರು ಗ್ಯಾರಂಟಿ

ಗಡ್ಡೆ ಏಕೆ ಮರುಕಳಿಸುತ್ತದೆ? ಇದಕ್ಕೆ ಲೆಕ್ಕ ಹಾಕಿ ಉತ್ತರ ಕೊಟ್ಟವರು ಡೊನಾಲ್ಡ್ ಸಿಂಪ್ಸನ್ ಎಂಬ ಆಸ್ಟ್ರೇಲಿಯದ ಸರ್ಜನ್. 1957ರಲ್ಲಿ ಅವರು ಮೆನಿಂಜಿಯೋಮ ಆಪರೇಷನ್ ಆದವರ ಹಳೆಯ ದಾಖಲೆಗಳನ್ನು ತೆಗೆದು, ಸರ್ಜನ್ ಎಷ್ಟು ತೆಗೆದಿದ್ದ, ಆಮೇಲೆ ಎಷ್ಟು ಜನರಿಗೆ ಮತ್ತೆ ಬಂತು ಎಂದು ತಾಳೆ ಹಾಕಿದರು.

ಗಡ್ಡೆಯ ಜೊತೆಗೆ ಅದು ಅಂಟಿದ್ದ ಹೊದಿಕೆಯನ್ನೂ, ಕೆಟ್ಟ ಎಲುಬನ್ನೂ ಬುಡಸಮೇತ ತೆಗೆದಿದ್ದರೆ ನೂರರಲ್ಲಿ 9 ಮಂದಿಗೆ ಮಾತ್ರ ಮತ್ತೆ ತೊಂದರೆ ಕಂಡಿತ್ತು. ಗಡ್ಡೆ ಪೂರ್ತಿ ತೆಗೆದು ಬುಡವನ್ನು ಸುಟ್ಟು ಬಿಟ್ಟಿದ್ದರೆ 19. ಬುಡವನ್ನು ಹಾಗೇ ಬಿಟ್ಟಿದ್ದರೆ 29. ಗಡ್ಡೆಯಲ್ಲೇ ಒಂದು ಭಾಗ ಉಳಿದಿದ್ದರೆ ಸುಮಾರು 40. ಅಂದಿನ ಕಾಲಕ್ಕೆ ಸ್ಕ್ಯಾನ್ ಇರಲಿಲ್ಲ, ರೋಗಿಗೆ ಮತ್ತೆ ಲಕ್ಷಣ ಕಾಣಿಸಿದರೇ ಲೆಕ್ಕಕ್ಕೆ ಬರುತ್ತಿತ್ತು. ಇಂದಿನ ಅಂಕಿಗಳು ಆಸ್ಪತ್ರೆಯಿಂದ ಆಸ್ಪತ್ರೆಗೆ, ಗಡ್ಡೆಯ ದರ್ಜೆಯಿಂದ ದರ್ಜೆಗೆ ಬೇರೆ ಬೇರೆ. ಆದರೂ ಸಿಂಪ್ಸನ್ ಮಾಡಿದ ಈ ವಿಂಗಡಣೆಯನ್ನು ಸರ್ಜನ್ನರು ಈಗಲೂ ಆಪರೇಷನ್ ಟಿಪ್ಪಣಿಯಲ್ಲಿ ಬರೆಯುತ್ತಾರೆ.

ಮೊದಲ ಸಾಲನ್ನು ಇನ್ನೊಮ್ಮೆ ಓದಿ. ಬುಡಸಮೇತ ತೆಗೆದ ನೂರರಲ್ಲೂ 9 ಮಂದಿ! ‘ಪೂರ್ತಿ ತೆಗೆದಿದ್ದೇವೆ’ ಎಂದು ಡಾಕ್ಟರು ಹೇಳಿದ ಮನೆಯವರೂ ಪೂರ್ತಿ ನಿಶ್ಚಿಂತರಾಗುವಂತಿಲ್ಲ. ಕಣ್ಣಿಗೆ ಕಾಣದ ಕೆಲವು ಕಣಗಳು ಉಳಿದಿದ್ದರೂ ಸಾಕು, ಐದು, ಹತ್ತು, ಕೆಲವೊಮ್ಮೆ ಹದಿನೈದು ವರ್ಷ ತೆಗೆದುಕೊಂಡು ನಿಧಾನವಾಗಿ ಬೆಳೆಯುತ್ತವೆ.

ಜನರಲ್ ಸಾಹೇಬರ ಕಥೆ

ಬಡವರಿಗೆ ಮಾತ್ರ ಹೀಗಾಗುತ್ತದೆ, ದುಡ್ಡಿದ್ದರೆ ಎಲ್ಲ ಸರಿಹೋಗುತ್ತದೆ ಎನ್ನುವವರು ಲಿಯೊನಾರ್ಡ್ ವುಡ್ ಅವರ ಕಥೆ ಕೇಳಬೇಕು. ಇವರು ಅಮೆರಿಕದ ಸೈನ್ಯದ ದೊಡ್ಡ ಜನರಲ್. ಓದಿದ್ದು ಹಾರ್ವರ್ಡಿನಲ್ಲಿ ಡಾಕ್ಟರಿಕೆ. ಕ್ಯೂಬಾದಲ್ಲಿದ್ದಾಗ ತೂಗುದೀಪವೊಂದಕ್ಕೆ ತಲೆ ತಗುಲಿ ಪೆಟ್ಟಾಗಿತ್ತು. ಕೆಲವು ವರ್ಷಗಳ ಬಳಿಕ ತಲೆಯ ಮೇಲೆ ಊತ, ಎಡಗಡೆ ಕೈಕಾಲಿನಲ್ಲಿ ಫಿಟ್ಸ್ ಶುರುವಾಯಿತು. 1905ರಲ್ಲಿ ಒಂದು ಆಪರೇಷನ್ ಆಯಿತು. ಗಡ್ಡೆ ಹೋಗಲಿಲ್ಲ.

1910ರಲ್ಲಿ ಅವರು ಹಾರ್ವೆ ಕುಶಿಂಗರ ಹತ್ತಿರ ಬಂದರು. ಅಂದಿನ ಜಗತ್ತಿನಲ್ಲಿ ಮಿದುಳಿಗೆ ಕತ್ತಿ ಹಾಕುವವರಲ್ಲಿ ಅವರದೇ ಮೊದಲ ಹೆಸರು. ಕುಶಿಂಗ್ ಎರಡು ಹಂತದಲ್ಲಿ ಆಪರೇಷನ್ ಮಾಡಿ ಮೆನಿಂಜಿಯೋಮ ತೆಗೆದರು. ವುಡ್ ಚೇತರಿಸಿಕೊಂಡು ಅದೇ ವರ್ಷ ಅಮೆರಿಕದ ಸೇನಾ ಮುಖ್ಯಸ್ಥರ ಕುರ್ಚಿಯಲ್ಲಿ ಕೂತರು. 1920ರಲ್ಲಿ ಅಧ್ಯಕ್ಷ ಪದವಿಯ ಉಮೇದುವಾರಿಕೆಗೂ ಸ್ಪರ್ಧೆಗಿಳಿದರು. ನೋಡಿದವರು ಯಾರೂ ಈ ಮನುಷ್ಯನ ತಲೆ ತೆರೆದು ಮುಚ್ಚಿದ್ದಾರೆ ಎನ್ನುವಂತಿರಲಿಲ್ಲ.

1921ರಿಂದ ಫಿಲಿಪೈನ್ಸಿನ ಗವರ್ನರ್ ಜನರಲ್ ಆಗಿದ್ದ ಕಾಲದಲ್ಲಿ ಎಡಗಾಲು ಎಳೆಯುವುದು ಹೆಚ್ಚಾಯಿತು. ಕಣ್ಣು ಮಂದವಾಯಿತು. ಗಡ್ಡೆ ಮತ್ತೆ ಬೆಳೆದಿತ್ತು. 1927ರ ಆಗಸ್ಟಿನಲ್ಲಿ ಕುಶಿಂಗರೇ ಮತ್ತೆ ಆಪರೇಷನ್ ಮಾಡಿದರು. ಆ ಬಳಿಕ ತಲೆಯೊಳಗೆ ರಕ್ತಸ್ರಾವವಾಗಿ ಆಗಸ್ಟ್ 7ರಂದು ವುಡ್ ತೀರಿಕೊಂಡರು. ಮೊದಲ ಗೆಲುವಿಗೂ ಈ ಸಾವಿಗೂ ನಡುವೆ 17 ವರ್ಷ.

ಈ 17 ವರ್ಷದಲ್ಲಿ ಗಡ್ಡೆ ಎಷ್ಟು ಬೆಳೆಯಿತು ಎಂದು ನೋಡುವ ಯಂತ್ರವೇ ಆಗ ಇರಲಿಲ್ಲ. ತಲೆಯೊಳಗಿನ ಪೊಳ್ಳಿಗೆ ಗಾಳಿ ತುಂಬಿ ಎಕ್ಸ್-ರೇ ತೆಗೆಯುವ, ರೋಗಿಗೆ ನರಕಯಾತನೆಯಾದ ವಿಧಾನವೊಂದು 1918ರಲ್ಲಿ ಬಂದಿತ್ತು. ಅಷ್ಟೇ. ಜನರಲ್ ಸಾಹೇಬರಿಗೆ ದುಡ್ಡು, ಅಧಿಕಾರ, ಜಗತ್ತಿನ ದೊಡ್ಡ ಡಾಕ್ಟರ್ ಎಲ್ಲ ಇದ್ದರೂ ಇಲ್ಲದೇ ಹೋದದ್ದು ಇಂದು ದಾವಣಗೆರೆಯಲ್ಲೇ ಸಿಗುವ ಒಂದು ಸ್ಕ್ಯಾನ್.

ಗರಿಕೆಯಂಥ ಗಡ್ಡೆ

ಗ್ಲಯೋಮಗಳ ಮಾತು ಬೇರೆ. ಅದನ್ನು ಮರೆಮಾಚಿ ಪ್ರಯೋಜನವಿಲ್ಲ. ಹೊಲದಲ್ಲಿ ಗರಿಕೆ ಕಿತ್ತವರಿಗೆ ಗೊತ್ತು, ಮೇಲೆ ಹಿಡಿಯಷ್ಟು ಹುಲ್ಲು ಕಂಡರೂ ಬೇರು ಎಲ್ಲೆಲ್ಲಿಗೋ ಹರಿದಿರುತ್ತದೆ. ಗ್ಲಯೋಬ್ಲಾಸ್ಟೋಮ ಹಾಗೆ. ಸ್ಕ್ಯಾನಿನಲ್ಲಿ ಕಾಣುವ ಗಂಟಿನ ಆಚೆಗೂ ಅದರ ಕಣಗಳು ಒಳ್ಳೆಯ ಮಿದುಳಿನೊಳಗೆ ಹರಿದು ಹೋಗಿರುತ್ತವೆ. ಅಮೆರಿಕದ ವಾಲ್ಟರ್ ಡ್ಯಾಂಡಿ ಎಂಬ ಸರ್ಜನ್ 1928ರಲ್ಲಿ ಕೊನೆಯ ಅಸ್ತ್ರ ಎಂಬಂತೆ ಇಂಥ ರೋಗಿಗಳ ಮಿದುಳಿನ ಬಲ ಅರ್ಧವನ್ನೇ ತೆಗೆದುಹಾಕಿದ್ದನ್ನು ವರದಿ ಮಾಡಿದರು. ಅಷ್ಟು ಮಾಡಿದರೂ ಗಡ್ಡೆಯನ್ನು ಗೆಲ್ಲಲಾಗಲಿಲ್ಲ.

ಈಗ ಆಪರೇಷನ್ ಆದ ಮೇಲೆ ‘ಕರೆಂಟ್’ ಕೊಡುತ್ತಾರೆ, ಅಂದರೆ ವಿಕಿರಣ ಚಿಕಿತ್ಸೆ. ಜೊತೆಗೆ ಟೆಮೊಜೊಲೊಮೈಡ್ ಎಂಬ ಮಾತ್ರೆ. 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ ಕರೆಂಟ್ ಮಾತ್ರ ಪಡೆದವರ ನಡುಮಧ್ಯದ ಆಯಸ್ಸು 12 ತಿಂಗಳಾದರೆ, ಮಾತ್ರೆಯೂ ಸೇರಿದಾಗ ಸುಮಾರು 15 ತಿಂಗಳಾಯಿತು. ಮೂರು ತಿಂಗಳು ಎಂದು ಮೂಗು ಮುರಿಯಬೇಡಿ. ಮಗಳ ಮದುವೆ ಕಣ್ಣಾರೆ ನೋಡಿದವರಿಗೆ, ಅಂಗಡಿಯ ಕೊಡು-ಕೊಳ್ಳುವ ಲೆಕ್ಕ ಮಗನಿಗೆ ಒಪ್ಪಿಸಿದವರಿಗೆ ಆ ಮೂರು ತಿಂಗಳ ಬೆಲೆ ಗೊತ್ತು. ಕೆಲವರು ಎರಡು ವರ್ಷ, ಅದಕ್ಕೂ ಹೆಚ್ಚು ಬಾಳಿದ್ದೂ ಅದೇ ಪರೀಕ್ಷೆಯಲ್ಲಿದೆ. ಇಂಥ ಗಡ್ಡೆಯವರಿಗೆ ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಬೇಕು.

ಆಗ ಹೇಗಿತ್ತು, ಈಗ ಏನಿದೆ?

ಜಗತ್ತಿನಲ್ಲಿ ಮೊದಲ ಸಲ ಸಿಟಿ ಸ್ಕ್ಯಾನ್ ಆದದ್ದು 1971ರ ಅಕ್ಟೋಬರ್ 1ರಂದು, ಲಂಡನ್ನಿನ ವಿಂಬಲ್ಡನ್ ಆಸ್ಪತ್ರೆಯಲ್ಲಿ. ಮಿದುಳಿನಲ್ಲಿ ಗಡ್ಡೆ ಇರಬಹುದೆಂಬ ಸಂಶಯದ ಮೇಲೆ ಒಬ್ಬ ಹೆಂಗಸಿನ ತಲೆಯನ್ನು ಯಂತ್ರದಲ್ಲಿಟ್ಟರು. ಅದನ್ನು ಕಂಡುಹಿಡಿದ ಇಂಜಿನಿಯರ್ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರಿಗೆ 1979ರಲ್ಲಿ ನೊಬೆಲ್ ಬಂತು. ಆಮೇಲೆ ಎಂಆರ್‌ಐ ಬಂತು.

ಭಾರತದಲ್ಲಿ ಮಿದುಳಿನ ಸರ್ಜರಿಗೆ ಪ್ರತ್ಯೇಕ ವಿಭಾಗ ಶುರುವಾದದ್ದು 1949ರಲ್ಲಿ, ವೆಲ್ಲೂರಿನ ಸಿಎಂಸಿಯಲ್ಲಿ, ಡಾ. ಜೇಕಬ್ ಚಾಂಡಿ ಅವರಿಂದ. ಮರುವರ್ಷ ಮದ್ರಾಸಿನಲ್ಲಿ ಡಾ. ಬಿ. ರಾಮಮೂರ್ತಿ ಕೆಲಸ ಆರಂಭಿಸಿದರು. ಬೆಂಗಳೂರಿನಲ್ಲಿ ಹಳೆಯ ಮಾನಸಿಕ ಆಸ್ಪತ್ರೆಯೂ 1954ರಲ್ಲಿ ಬಂದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ 1974ರ ಡಿಸೆಂಬರ್ 27ರಂದು ಒಂದಾಗಿ ನಿಮ್ಹಾನ್ಸ್ ಹುಟ್ಟಿತು. ಅದರ ಮೊದಲ ನಿರ್ದೇಶಕರಾದ ಡಾ. ಆರ್. ಮಾರ್ತಾಂಡ ವರ್ಮ ಸ್ವತಃ ಮಿದುಳಿನ ಸರ್ಜನ್. ಇದು ಗೊತ್ತಿಲ್ಲದ ಹಿರಿಯರು ಈಗಲೂ ‘ಹುಚ್ಚಾಸ್ಪತ್ರೆಗೆ ಹೋದ್ರೆ ಜನ ಏನಂದಾರು’ ಎಂದು ಹಿಂಜರಿಯುವುದುಂಟು. ಗಡ್ಡೆ ತೆಗೆಸಿಕೊಂಡ ಹೆಣ್ಣುಮಗಳ ಮನೆಯವರು ಚೆಕಪ್ಪಿಗೆ ಕರೆದೊಯ್ಯದಿರಲು ಈ ಗುಮಾನಿಯೂ ಒಂದು ಕಾರಣ.

ಆಪರೇಷನ್ ವಿಧಾನವೂ ಬದಲಾಗಿದೆ. ಸೂಕ್ಷ್ಮದರ್ಶಕ ಬಂದ ಮೇಲೆ ಕೂದಲೆಳೆಯಂಥ ನಾಳಗಳೂ ಸರ್ಜನ್ನರ ಕಣ್ಣಿಗೆ ಬೀಳುತ್ತವೆ. ಪಿಟ್ಯುಟರಿ ಗಡ್ಡೆಯನ್ನು ಮೂಗಿನ ದಾರಿಯಲ್ಲಿ ತೆಗೆಯುವ ಕ್ರಮವನ್ನು 1907ರಲ್ಲಿ ಆಸ್ಟ್ರಿಯಾದ ಹೆರ್ಮನ್ ಷ್ಲೋಫರ್ ಶುರುಮಾಡಿದ್ದರು. ಈಗ ಅದೇ ದಾರಿಯಲ್ಲಿ ದೂರ್ಬೀನಿನಂಥ ಎಂಡೋಸ್ಕೋಪ್ ಹೋಗುತ್ತದೆ. ತಲೆ ಬೋಳಿಸುವುದಿಲ್ಲ, ಹೊರಗೆ ಹೊಲಿಗೆ ಕಾಣುವುದಿಲ್ಲ. ಪಿಟ್ಯುಟರಿ ಗಡ್ಡೆಗಳಲ್ಲೇ ಒಂದು ಬಗೆಗೆ, ಅಂದರೆ ಹಾಲಿನ ಹಾರ್ಮೋನ್ ಹೆಚ್ಚಿಸಿ ಮುಟ್ಟು ನಿಲ್ಲಿಸುವ ಬಗೆಗೆ, ಸಾಮಾನ್ಯವಾಗಿ ಮೊದಲು ಮಾತ್ರೆಯನ್ನೇ ಕೊಡುತ್ತಾರೆ.

ಮತ್ತೆ ಬಂದರೆ ದಾರಿ ಮುಚ್ಚಿತೇ?

ಇಲ್ಲ. ಜನ ಸ್ಕ್ಯಾನಿಗೆ ಹೋಗದಿರಲು ಭಯ ದೊಡ್ಡ ಕಾರಣ. ‘ಮತ್ತೆ ಬಂದೈತಿ ಅಂದ್ರೆ ಏನು ಮಾಡೋದು? ಗೊತ್ತಾಗದೇ ಇರೋದೇ ಚಲೋ’ ಎಂಬ ವಾದ. ಆದರೆ ಮರುಕಳಿಸಿದ ಗಡ್ಡೆ ಸಣ್ಣದಿದ್ದಾಗಲೇ ಸಿಕ್ಕಿದರೆ ಕೈಯಲ್ಲಿ ನಾಲ್ಕು ದಾರಿ ಇರುತ್ತದೆ.

ಒಂದು, ಸುಮ್ಮನೆ ಕಾಯುವುದು. ವರ್ಷಕ್ಕೆ ಕೂದಲೆಳೆಯಷ್ಟೂ ಬೆಳೆಯದ ಗಡ್ಡೆಯನ್ನು, ಅದರಲ್ಲೂ ವಯಸ್ಸಾದವರಲ್ಲಿ, ಮುಟ್ಟದೇ ಬಿಡುವುದೂ ಒಂದು ಚಿಕಿತ್ಸೆ. ಎರಡು, ಗಾಮಾ ನೈಫ್. ಹೆಸರಿನಲ್ಲಿ ನೈಫ್ ಇದ್ದರೂ ಚಾಕು ಇಲ್ಲ. ಸ್ವೀಡನ್ನಿನ ಲಾರ್ಸ್ ಲೆಕ್ಸೆಲ್ ರೂಪಿಸಿದ ಈ ಯಂತ್ರ 1968ರಲ್ಲಿ ಸ್ಟಾಕ್‌ಹೋಮಿನಲ್ಲಿ ಮೊದಲು ಕೆಲಸ ಶುರುಮಾಡಿತು. ಕೋಬಾಲ್ಟಿನ ಸುಮಾರು 200 ಸಣ್ಣ ಕಿರಣಗಳು ಬೇರೆ ಬೇರೆ ದಿಕ್ಕಿನಿಂದ ಬಂದು ಗಡ್ಡೆಯ ಮೇಲೆ ಒಂದೇ ಕಡೆ ಸೇರುತ್ತವೆ. ಬಹಳ ಸಲ ಗಡ್ಡೆ ಮಾಯವಾಗುವುದಿಲ್ಲ, ಬೆಳೆಯುವುದು ನಿಲ್ಲುತ್ತದೆ. ನಿಮ್ಹಾನ್ಸಿನಲ್ಲಿ ಈ ಯಂತ್ರವಿದೆ. ಆದರೆ ಇದು ಸಾಮಾನ್ಯವಾಗಿ ಮೂರು ಸೆಂಟಿಮೀಟರಿನೊಳಗಿನ ಗಡ್ಡೆಗೆ ಮಾತ್ರ. ಮೂರು, ದಿನಕ್ಕಿಷ್ಟು ಎಂದು ಕೆಲವು ವಾರ ಕೊಡುವ ಕರೆಂಟ್. ನಾಲ್ಕು, ಮತ್ತೊಂದು ಆಪರೇಷನ್. ಹಳೆಯ ಗಾಯದ ಕಲೆಯಿಂದ ಒಳಗೆಲ್ಲ ಅಂಟಿಕೊಂಡಿರುವುದರಿಂದ ಎರಡನೇ ಸಲದ ಆಪರೇಷನ್ ಮೊದಲಿಗಿಂತ ಕಷ್ಟದ್ದು.

ಎಷ್ಟೋ ವರ್ಷ ಸ್ಕ್ಯಾನಿಲ್ಲದೆ ಇದ್ದು, ಕಣ್ಣು ಕತ್ತಲಾದ ಮೇಲೆ ಬಂದವರ ಮುಂದೆ ಈ ನಾಲ್ಕರಲ್ಲಿ ಬಹುಪಾಲು ನಾಲ್ಕನೆಯದೊಂದೇ ಉಳಿದಿರುತ್ತದೆ. ಆಪರೇಷನ್ ಯಶಸ್ವಿಯಾದರೂ ಹೋದ ಕಣ್ಣು ವಾಪಸ್ ಬರುತ್ತದೆಂಬ ಭರವಸೆ ಇಲ್ಲ.

ಹೋಗದಿರಲು ನೂರು ನೆಪ

ಅಂಗಡಿ ಒಂದು ದಿನ ಮುಚ್ಚಬೇಕು. ಸೀಜನ್ ಟೈಮು. ಜೊತೆಗೆ ಬರುವವರಿಲ್ಲ. ಅಡಿಕೆ ಕೊಯ್ಲು, ಮೆಕ್ಕೆಜೋಳದ ಕಟಾವು. ಎಲ್ಲ ನಿಜವೇ. ರಾಜ್ಯದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆ 2018ರಲ್ಲಿ ಬಂದ ಮೇಲೆ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗಿನ ಚಿಕಿತ್ಸೆಗೆ ದಾರಿಯಾಯಿತು. ಆದರೆ ಲಾಡ್ಜ್ ಬಾಡಿಗೆ, ಹೋಟೆಲ್ ಊಟ, ಬಿಟ್ಟುಹೋದ ಎರಡು ದಿನದ ಕೂಲಿ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಹೆಂಗಸರಿಗೆ 2023ರ ಜೂನ್‌ನಿಂದ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚು ತಪ್ಪಿದೆ. ಮೆನಿಂಜಿಯೋಮ ಹೆಂಗಸರನ್ನೇ ಹೆಚ್ಚು ಕಾಡುವ ಗಡ್ಡೆಯಾದ್ದರಿಂದ ಇದನ್ನು ನೆನಪಿಡಬೇಕು.

ಮದುವೆಗೆ ಹುಡುಗಿ ನೋಡಲು ಬರುವವರಿಗೆ ಗೊತ್ತಾದೀತೆಂದು ಚೀಟಿ ಸುಟ್ಟವರೂ ಇದ್ದಾರೆ. ಮೂರು ವರ್ಷ ಸ್ಕ್ಯಾನ್ ‘ಏನೂ ಇಲ್ಲ’ ಎಂದು ಬಂದಮೇಲೆ ‘ಸುಮ್ನೆ ದುಡ್ಡು ದಂಡ’ ಎಂದು ಬಿಟ್ಟವರು ಇನ್ನೂ ಹೆಚ್ಚು. ಏನೂ ಇಲ್ಲ ಎಂದು ಬರಲಿ ಎಂದೇ ಅಲ್ಲವೇ ಸ್ಕ್ಯಾನ್ ಮಾಡಿಸುವುದು? ಅಂಗಡಿಗೆ ಬೆಂಕಿ ಬೀಳಲಿಲ್ಲ ಎಂದು ವಿಮೆ ಕಟ್ಟಿದ್ದು ದಂಡ ಎನ್ನುವ ವ್ಯಾಪಾರಿ ಯಾರಿದ್ದಾರೆ?

ಇನ್ನೊಂದು ಅಪಾಯ ಮೆಡಿಕಲ್ ಶಾಪಿನ ಕಟ್ಟೆಯಲ್ಲಿದೆ. ಗಡ್ಡೆಯ ಸುತ್ತಲ ಊತ ಇಳಿಸಲು ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಡುತ್ತಾರೆ. ಒಂದೆರಡು ದಿನದಲ್ಲೇ ತಲೆನೋವು ಇಳಿದು ರೋಗಿ ಎದ್ದು ಕೂರುತ್ತಾನೆ. ಗಡ್ಡೆ ಮಾತ್ರ ಇದ್ದಲ್ಲೇ ಇರುತ್ತದೆ. ತಲೆನೋವು ಬಂದಾಗಲೆಲ್ಲ ಹಳೇ ಚೀಟಿ ತೋರಿಸಿ ಇದೇ ಮಾತ್ರೆ ಕೊಳ್ಳುವವರು ಗಡ್ಡೆಯನ್ನು ಮುಸುಕು ಹಾಕಿ ಸಾಕಿದಂತೆ. ಸಕ್ಕರೆ ಕಾಯಿಲೆ ಏರುವುದು ಬೇರೆ ಖರ್ಚು. ಬಹಳ ದಿನ ನುಂಗಿ ಒಮ್ಮೆಲೇ ಬಿಟ್ಟರೆ ಅದೂ ಅಪಾಯ. ಫಿಟ್ಸ್ ಮಾತ್ರೆಯನ್ನು ‘ಈಗ ಬರ್ತಿಲ್ಲ’ ಎಂದು ತಾವೇ ನಿಲ್ಲಿಸಿದರೂ ಅಷ್ಟೇ.

ಕಾಗದ ಪತ್ರ ಜೋಪಾನ

ಗಡ್ಡೆ ತೆಗೆಸಿದ ಮನೆಯಲ್ಲಿ ಮೂರು ಕಾಗದ ಕಳೆಯಬಾರದು. ಆಸ್ಪತ್ರೆಯಿಂದ ಬಿಡುವಾಗ ಕೊಟ್ಟ ಡಿಸ್ಚಾರ್ಜ್ ಸಮ್ಮರಿ. ಅದರಲ್ಲಿ ಎಷ್ಟು ತೆಗೆದರು, ಎಲ್ಲಿ ಬಿಟ್ಟರು ಎಂದಿರುತ್ತದೆ. ಗಡ್ಡೆಯ ಚೂರು ಪರೀಕ್ಷೆ ಮಾಡಿದ ಬಯಾಪ್ಸಿ ರಿಪೋರ್ಟು. ದರ್ಜೆ ಒಂದೋ, ಎರಡೋ, ಮೂರೋ ಎಂದು ಹೇಳುವುದು ಅದೇ. ಮೂರನೆಯದು, ಆಪರೇಷನ್ ಆದ ಮೇಲಿನ ಮೊದಲ ಸ್ಕ್ಯಾನಿನ ಫಿಲ್ಮು ಅಥವಾ ಸಿಡಿ. ಮುಂದಿನ ಸ್ಕ್ಯಾನುಗಳನ್ನೆಲ್ಲ ಅದರ ಪಕ್ಕದಲ್ಲಿಟ್ಟೇ ನೋಡಬೇಕು. ಗಾಯದ ಕಲೆ, ಕರೆಂಟಿನಿಂದಾದ ಊತ ಕೂಡ ಬಿಳಿಯಾಗಿ ಕಂಡು ಗಡ್ಡೆಯಂತೆ ಮೋಸ ಮಾಡುವುದುಂಟು. ಹಳೆಯ ಫಿಲ್ಮು ಇಲ್ಲದಿದ್ದರೆ ಹೊಸದು, ಹಳೆಯದು ಎಂದು ಹೇಳಲು ಡಾಕ್ಟರಿಗೂ ಕಷ್ಟ.

ಎಷ್ಟು ದಿನಕ್ಕೊಮ್ಮೆ ಹೋಗಬೇಕು? ರೋಗಿಯಿಂದ ರೋಗಿಗೆ ಡಾಕ್ಟರು ಬೇರೆ ಹೇಳಬಹುದು, ಅವರ ಮಾತೇ ಕೊನೆ. ಸಾಮಾನ್ಯ ರೂಢಿ ಹೀಗಿದೆ: ಮೊದಲ ದರ್ಜೆಯ ಮೆನಿಂಜಿಯೋಮಕ್ಕೆ ಐದು ವರ್ಷ ವರ್ಷಕ್ಕೊಮ್ಮೆ, ಆಮೇಲೆ ಎರಡು ವರ್ಷಕ್ಕೊಮ್ಮೆ. ಎರಡನೇ ದರ್ಜೆಗೆ ಐದು ವರ್ಷ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ. ಮೂರನೇ ದರ್ಜೆಗೆ ಮೂರರಿಂದ ಆರು ತಿಂಗಳಿಗೆ. ಪಿಟ್ಯುಟರಿಯವರಿಗೆ ಸ್ಕ್ಯಾನಿನ ಜೊತೆಗೆ ರಕ್ತದಲ್ಲಿ ಹಾರ್ಮೋನ್ ಪರೀಕ್ಷೆ, ಕಣ್ಣಿನ ಪಕ್ಕದ ನೋಟದ ಪರೀಕ್ಷೆಯೂ ಬೇಕು.

ತಾರೀಖು ಬರುವ ಮೊದಲೇ ಓಡಬೇಕಾದ ಸೂಚನೆಗಳೂ ಇವೆ. ಬೆಳಗ್ಗೆ ಏಳುವಾಗಲೇ ತಲೆನೋವು, ಜೊತೆಗೆ ವಾಂತಿ. ಕನ್ನಡಕ ಬದಲಾಯಿಸಿದರೂ ಮಂದವಾಗುತ್ತಿರುವ ಕಣ್ಣು. ಒಂದು ವಸ್ತು ಎರಡಾಗಿ ಕಾಣುವುದು. ಒಂದೇ ಕಿವಿಯಲ್ಲಿ ಫೋನ್ ಕೇಳಿಸದಾಗಿ ಇನ್ನೊಂದು ಕಿವಿಗೆ ಹಿಡಿಯುವ ಅಭ್ಯಾಸ ಬೀಳುವುದು. ದೊಡ್ಡವರಾದ ಮೇಲೆ ಮೊದಲ ಸಲ ಬರುವ ಫಿಟ್ಸ್. ಚಪ್ಪಲಿಯ ಅಳತೆ, ಬೆರಳಿನ ಉಂಗುರದ ಅಳತೆ ದೊಡ್ಡವರಲ್ಲಿ ಹಿಗ್ಗುತ್ತಾ ಹೋಗುವುದು, ಇದು ಪಿಟ್ಯುಟರಿ ಗಡ್ಡೆಯ ಗುರುತಾಗಿರಬಹುದು. ಶಾಂತ ಸ್ವಭಾವದವರು ಏಕಾಏಕಿ ಗಿರಾಕಿಗಳ ಮೇಲೆ ರೇಗುವುದು, ಚಿಲ್ಲರೆ ಲೆಕ್ಕ ತಪ್ಪುವುದು ಕೂಡ ಕೆಲವೊಮ್ಮೆ ಒಳಗಿನ ಒತ್ತಡದ ಲಕ್ಷಣ. ಇವನ್ನೆಲ್ಲ ರೋಗಿಗಿಂತ ಮೊದಲು ಕಾಣುವವರು ಅಕ್ಕಪಕ್ಕದವರು, ಅಂಗಡಿಯ ಹುಡುಗರು, ಮನೆಯವರು.

ದೀಪಾವಳಿಯಲ್ಲಿ ಹೊಸ ಖಾತೆ ಪುಸ್ತಕಕ್ಕೆ ಅರಿಸಿನ ಕುಂಕುಮ ಇಟ್ಟು ಪೂಜೆ ಮಾಡುವ ಪದ್ಧತಿ ಪೇಟೆಯಲ್ಲಿ ಇನ್ನೂ ಇದೆ. ಮನೆಯಲ್ಲಿ ಯಾರಾದರೂ ತಲೆಯ ಗಡ್ಡೆ ತೆಗೆಸಿಕೊಂಡವರಿದ್ದರೆ ಆ ಪುಸ್ತಕದ ಮೊದಲ ಪುಟದಲ್ಲೇ, ಬಾಕಿದಾರರ ಹೆಸರಿಗಿಂತ ಮೇಲೆ, ಮುಂದಿನ ಸ್ಕ್ಯಾನಿನ ತಾರೀಖು ಬರೆದಿಡಿ. ತಾರೀಖು ದಾಟಿ ಎರಡು ಮೂರು ವರ್ಷವಾಗಿದ್ದರೂ ಬರೆಯಿರಿ. ಆ ವಾರದ ವಸೂಲಿಗೆ ಬೇರೆಯವರನ್ನು ಕಳಿಸಿದರಾಯಿತು.